ಕಟ್ಟುವ ಕೈ, ಕೇಳುವ ಬಾಯಿ

(ಚಿತ್ತವಾಡ್ಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ಹಂಪಿಯ ಶಿಲ್ಪ ಇಂಥ ವಿಷಯವನ್ನು ಜನ ನಿರೀಕ್ಷಿಸುತ್ತಾರೆ. ಈ ಸಲ ನಾನು ನಗರಸಭೆಯ ಜಮಾ-ಖರ್ಚನ್ನು ಆರಿಸಿಕೊಂಡಿದ್ದೇನೆ. ಬೆಳಿಗ್ಗೆ ನಳಕ್ಕೆ ನೀರು ಬರುವುದರಿಂದ ಹಿಡಿದು ರಾತ್ರಿ ಕಂಬದ ದೀಪ ಹತ್ತುವ ತನಕ ನಮ್ಮನ್ನು ಮುಟ್ಟುವ ಆಡಳಿತ ಅದು. ಬೆಂಗಳೂರಿನಲ್ಲಿ ಯಾರು ಮಂತ್ರಿಯಾದರು ಎಂಬ ಬಗ್ಗೆ ಚಹಾದಂಗಡಿಯಲ್ಲಿ ತಾಸುಗಟ್ಟಲೆ ಮಾತಾಡುತ್ತೇವೆ. ನಮ್ಮ ವಾರ್ಡಿನ ಚರಂಡಿಗೆ ದುಡ್ಡು ಎಲ್ಲಿಂದ ಬಂತು, ಎಷ್ಟು ಬಂತು, ಯಾರು ಮಂಜೂರು ಮಾಡಿದರು ಎಂದು ಕೇಳಿದರೆ ಹೇಳಬಲ್ಲವರು ಸಿಕ್ಕುವುದು ಕಷ್ಟ.

ಈ ದತ್ತಿಗೆ ಒಂದು ಮೂಲಧನವಿದೆ. ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಇಂಥ ಸಭೆ ನಡೆಯುತ್ತದೆ. ಸಭೆ ನಡೆಸಲು ಯಾರ ಮುಂದೆಯೂ ಕೈಚಾಚಬೇಕಿಲ್ಲ. ಯಾವ ವಿಷಯ ಮಾತಾಡಬೇಕೆಂದು ಹೊರಗಿನವರು ಹೇಳುವಂತೆಯೂ ಇಲ್ಲ. ಊರಿನ ಆಡಳಿತಕ್ಕೂ ಹೀಗೆ ತನ್ನದೇ ಆದ ಒಂದು ನೆಲೆ ಬೇಕು. ಊರು ತಾನು ಕೂಡಿಸಿದ ಹಣವನ್ನು ತಾನೇ ತೀರ್ಮಾನಿಸಿ ಖರ್ಚು ಮಾಡುವಷ್ಟರ ಮಟ್ಟಿಗೆ ಮಾತ್ರ ಅಲ್ಲಿ ಸ್ವರಾಜ್ಯವಿದೆ ಎಂಬುದು ನನ್ನ ನಂಬಿಕೆ. ತೆರಿಗೆ ಕಟ್ಟುವ ಕೈ ಮತ್ತು ಲೆಕ್ಕ ಕೇಳುವ ಬಾಯಿ ಒಂದೇ ಬೀದಿಯಲ್ಲಿ ಇರಬೇಕು. ಆ ನಂಟು ಸಡಿಲವಾಗಿದೆ. ಅದನ್ನು ಮತ್ತೆ ಬಿಗಿಯುವುದು ಹೇಗೆ ಎಂಬುದೇ ಇಂದಿನ ಮಾತಿನ ಉದ್ದೇಶ.

ಮೊದಲು ನೀರು, ಆಮೇಲೆ ಕಂದಾಯ

ನಮ್ಮ ಹೊಸಪೇಟೆಯ ಹುಟ್ಟಿನಲ್ಲೇ ಸಾರ್ವಜನಿಕ ಹಣದ ಪಾಠವೊಂದಿದೆ. ಕೃಷ್ಣದೇವರಾಯ ಈ ಊರನ್ನು ಕಟ್ಟಿಸಿ ನಾಗಲಾಪುರ ಎಂದು ಹೆಸರಿಟ್ಟ. ಸುತ್ತಲ ಹೊಲಗಳಿಗೆ ನೀರು ಸಾಲದೆಂದು ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ದೊಡ್ಡ ಕೆರೆ ಕಟ್ಟಿಸಿದ. ಕೆಲಸಕ್ಕೆ ಗೋವೆಯಿಂದ ಪೋರ್ಚುಗೀಸ್ ಕಲ್ಲುಕೆಲಸಗಾರನೊಬ್ಬನನ್ನೂ ಕರೆಸಿಕೊಂಡಿದ್ದ. 1530ರ ದಶಕದಲ್ಲಿ ಬರೆದ ಪೋರ್ಚುಗೀಸ್ ವರ್ತಕ ನೂನಿಜ್ ಇದನ್ನೆಲ್ಲ ದಾಖಲಿಸಿದ್ದಾನೆ. ಅವನು ಹೇಳುವ ಒಂದು ಸಂಗತಿಯನ್ನು ನಾವು ಮರೆಯಬಾರದು. ಕೆರೆಯ ನೀರು ಹರಿದ ಜಮೀನುಗಳಿಗೆ ರಾಯ ಮೊದಲ ಒಂಬತ್ತು ವರ್ಷ ಕಂದಾಯ ಹಾಕಲಿಲ್ಲ. ಜನ ಗದ್ದೆ ಮಾಡಿಕೊಂಡರು, ತೋಟ ಎಬ್ಬಿಸಿದರು. ನೂನಿಜ್ ಬರೆಯುವ ಹೊತ್ತಿಗೆ ಅಲ್ಲಿಂದ ಬರುವ ಆದಾಯ ಆಗಿನ ನಾಣ್ಯದಲ್ಲಿ 20,000 ಪರದಾವ್ ಆಗಿತ್ತು.

ಅದೇ ನೂನಿಜ್ ಇನ್ನೊಂದು ಮಾತು ಬರೆದಿದ್ದಾನೆ. ರಾಜಧಾನಿಯ ಒಂದು ಹೆಬ್ಬಾಗಿಲನ್ನು ವರ್ಷಕ್ಕೆ 12,000 ಪರದಾವ್‌ಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಗೆ ಬರುವಂತಿರಲಿಲ್ಲ.

ಹಣ ಬರುವ ಎರಡು ದಾರಿಗಳು ಇಲ್ಲಿ ಕಾಣುತ್ತವೆ. ಕೆರೆಯ ಕಂದಾಯವನ್ನು ಜನ ತಮಗೆ ಸಿಕ್ಕ ನೀರಿಗಾಗಿ ಕಟ್ಟಿದರು. ಬಾಗಿಲ ಸುಂಕವನ್ನು ತಡೆದು ನಿಲ್ಲಿಸಿ ಪಡೆದರು. ರಾಯನ ಕಾಲಕ್ಕೂ ನಮ್ಮ ಕಾಲಕ್ಕೂ ಆಡಳಿತದ ಬುಡವೇ ಬೇರೆ; ಅಂದು ಪ್ರಜೆಗೆ ಮತವಿರಲಿಲ್ಲ. ಆದರೂ ಮೊದಲು ನೀರು ಕೊಟ್ಟು, ಅದರ ಫಲ ಕೈಗೆ ಬಂದ ಮೇಲೆ ಕಂದಾಯ ಕೇಳಿದ ಕ್ರಮ ಇಂದಿಗೂ ಸರಿಯಾದದ್ದೇ.

ನಗರಸಭೆ ಎಂದರೆ ಏನು

ಈಗಿನ ಮಾದರಿಯ ಪುರಾಡಳಿತ ನಮ್ಮ ಸೀಮೆಗೆ ಮದರಾಸಿನಿಂದ ಬಂತು. 1882ರಲ್ಲಿ ವೈಸ್‌ರಾಯ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. 1884ರಲ್ಲಿ, ಮತ್ತೆ 1920ರಲ್ಲಿ ಮದರಾಸು ಪ್ರಾಂತ್ಯ ಜಿಲ್ಲಾ ಮುನಿಸಿಪಾಲಿಟಿಗಳ ಕಾಯ್ದೆ ಮಾಡಿತು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ನಮ್ಮ ಹೊಸಪೇಟೆ ಸೇರಿದಂತೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದರಾಸಿನಿಂದ ಮೈಸೂರಿಗೆ ಬಂದವು. ಏಕೀಕರಣದ ನಂತರ ಬೇರೆ ಬೇರೆ ಸೀಮೆಗಳ ಕಾನೂನುಗಳನ್ನು ಒಂದುಗೂಡಿಸಿ 1964ರ ಪುರಸಭೆಗಳ ಕಾಯ್ದೆ ಬಂತು. ಇಂದಿಗೂ ನಮ್ಮನ್ನು ಆಳುವುದು ಅದೇ ಕಾಯ್ದೆ.

10 ಸಾವಿರದಿಂದ 20 ಸಾವಿರ ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರಾಚೆ ಮಹಾನಗರ ಪಾಲಿಕೆ. ಸಂಡೂರು, ಕಂಪ್ಲಿ, ಕಮಲಾಪುರ ಪುರಸಭೆಗಳು. ಮರಿಯಮ್ಮನಹಳ್ಳಿ ಪಟ್ಟಣ ಪಂಚಾಯಿತಿ. 2011ರ ಜನಗಣತಿಯಲ್ಲಿ 2,06,167 ಜನರಿದ್ದ ಹೊಸಪೇಟೆ 35 ವಾರ್ಡುಗಳ ನಗರಸಭೆ. ನಮ್ಮ ಚಿತ್ತವಾಡ್ಗಿಯೂ ಅದರೊಳಗೇ ಇದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಬಂದವು, ಬಡಾವಣೆಗಳು ಬೆಳೆದವು. ಊರು ಬೆಳೆದ ವೇಗದಲ್ಲಿ ನಗರಸಭೆಯ ಬೊಕ್ಕಸ ಬೆಳೆಯಿತೆ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ಹನ್ನೆರಡನೇ ಪರಿಶಿಷ್ಟದಲ್ಲಿ 18 ಕೆಲಸಗಳ ಪಟ್ಟಿಯಿದೆ: ನಗರ ಯೋಜನೆ, ನೀರು, ನೈರ್ಮಲ್ಯ, ರಸ್ತೆ, ಕೊಳೆಗೇರಿ ಸುಧಾರಣೆ, ಉದ್ಯಾನ, ಬೀದಿದೀಪ, ಸ್ಮಶಾನ. ಕೆಲಸಗಳ ಪಟ್ಟಿ ಉದ್ದವಾಗಿದೆ. ಆ ಕೆಲಸಕ್ಕೆ ಯಾವ ತೆರಿಗೆ ಊರಿನದು ಎಂಬ ಪಟ್ಟಿಯನ್ನು ಮಾತ್ರ ಸಂವಿಧಾನ ಕೊಡಲಿಲ್ಲ. 243ಎಕ್ಸ್ ವಿಧಿ ಅದನ್ನು ರಾಜ್ಯದ ಶಾಸನಸಭೆಯ ಇಷ್ಟಕ್ಕೆ ಬಿಟ್ಟಿತು. ಪುರಾಡಳಿತದ ಬಡತನದ ಬೇರು ಇರುವುದು ಇಲ್ಲೇ.

ಸಾವಿರ ರೂಪಾಯಿಯ ಕಥೆ

ಊರಿನ ಸ್ವಂತ ಆದಾಯದಲ್ಲಿ ಮೊದಲ ಸ್ಥಾನ ಆಸ್ತಿ ತೆರಿಗೆಯದು. 2002ರಿಂದ ನಮ್ಮಲ್ಲಿ ಸ್ವಯಂ ಘೋಷಣೆಯ ಪದ್ಧತಿಯಿದೆ. ನಿವೇಶನ ಎಷ್ಟು, ಕಟ್ಟಡ ಎಷ್ಟು, ಮನೆಯೋ ಅಂಗಡಿಯೋ ಎಂದು ಮಾಲೀಕರೇ ನಮೂನೆ ತುಂಬಿ ಲೆಕ್ಕ ಹಾಕಿ ಕಟ್ಟಬೇಕು. ಲೆಕ್ಕಕ್ಕೆ ಆಧಾರ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ. ಕಾಯ್ದೆ ಹಾಕಿದ ಕನಿಷ್ಠ-ಗರಿಷ್ಠ ಮಿತಿಯೊಳಗೆ ದರ ಗೊತ್ತುಮಾಡುವವರು ನಾವು ಆರಿಸಿ ಕಳಿಸಿದ ಸದಸ್ಯರು.

ಲೆಕ್ಕಕ್ಕೆಂದು ಒಂದು ಮನೆಯ ತೆರಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಸೆಸ್ಸು ಶೇ. 15, ಗ್ರಂಥಾಲಯ ಸೆಸ್ಸು ಶೇ. 6, ಭಿಕ್ಷುಕರ ಸೆಸ್ಸು ಶೇ. 3. ಚಲನಿನಲ್ಲಿ 240 ರೂಪಾಯಿ ಕೂಡುತ್ತದೆ. ಈ 240 ನಗರಸಭೆಯ ಹಣವಲ್ಲ. ಅದನ್ನು ವಸೂಲು ಮಾಡಿ ಸಂಬಂಧಪಟ್ಟವರಿಗೆ ಕಟ್ಟುವುದಷ್ಟೇ ನಗರಸಭೆಯ ಪಾತ್ರ. ಏಪ್ರಿಲ್‌ನಲ್ಲೇ ಕಟ್ಟಿದರೆ ತೆರಿಗೆಯಲ್ಲಿ ಶೇ. 5 ರಿಯಾಯಿತಿ, ಅಂದರೆ 50 ರೂಪಾಯಿ ಉಳಿತಾಯ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2 ದಂಡ, ಮಾರ್ಚಿನ ತನಕ ಎಳೆದರೆ 180 ರೂಪಾಯಿ ದಂಡವೇ ಆಗುತ್ತದೆ. ಏಪ್ರಿಲ್‌ನಲ್ಲಿ ಬಂದ ದುಡ್ಡಿನಿಂದ ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೆಸಬಹುದು. ಮಾರ್ಚಿನಲ್ಲಿ ಬಂದದ್ದರಿಂದ ಹಳೆ ಬಿಲ್ಲು ತೀರಿಸಬಹುದು, ಅಷ್ಟೆ.

ಖಾತೆಯೇ ಇಲ್ಲದ ಮನೆಗಳ ಪ್ರಶ್ನೆ ಇನ್ನೂ ದೊಡ್ಡದು. ಅನುಮತಿಯಿಲ್ಲದ ಬಡಾವಣೆಯಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡವರು ಖಾತೆಗಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಅವರಿಗೂ ನೀರು ಬೇಕು, ಕಸದ ಗಾಡಿ ಬೇಕು. ಆದರೆ ಪುಸ್ತಕದಲ್ಲಿ ಅವರಿಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡುವ ಅಭಿಯಾನ ಆರಂಭಿಸಿತು. ಇದು ಕಾಗದದ ಕೆಲಸ ಮಾತ್ರವಲ್ಲ. ಪುಸ್ತಕದಲ್ಲಿ ಹೆಸರು ಬಂದಾಗಲೇ ಆ ಮನೆಯವರು ತಲೆಯೆತ್ತಿ ಸೇವೆ ಕೇಳಬಲ್ಲರು.

ಆಸ್ತಿ ತೆರಿಗೆಯ ಆಚೆಗೆ ನೀರಿನ ಕರ, ಒಳಚರಂಡಿ ಶುಲ್ಕ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಮಳಿಗೆಗಳ ಬಾಡಿಗೆ, ಸಂತೆಯ ಸುಂಕ ಇವೆ. ಇವುಗಳಲ್ಲಿ ನೀರಿನದು ವಿಚಿತ್ರ ಸ್ಥಿತಿ. ತುಂಗಭದ್ರೆ ಪಕ್ಕದಲ್ಲೇ ಇದ್ದರೂ ನೀರನ್ನು ಎತ್ತಬೇಕು, ಶುದ್ಧ ಮಾಡಬೇಕು, ಮೇಲಿನ ಟ್ಯಾಂಕಿಗೆ ಏರಿಸಬೇಕು. ಪಂಪು ಓಡಿದ್ದಕ್ಕೆ ಜೆಸ್ಕಾಂನ ವಿದ್ಯುತ್ ಬಿಲ್ಲು ಬರುತ್ತದೆ. ನೀರಿನ ದರ ಏರಿಸಲು ಯಾವ ಸದಸ್ಯರಿಗೂ ಧೈರ್ಯವಿಲ್ಲ. ದರ ಏರದಿದ್ದರೆ ಪೈಪು ಬದಲಿಸಲು ಹಣವಿಲ್ಲ. ಪೈಪು ಬದಲಾಗದಿದ್ದರೆ ನೀರು ಸರಿಯಾಗಿ ಬರುವುದಿಲ್ಲ, ಬಾರದ ನೀರಿಗೆ ಜನ ಕರ ಕಟ್ಟುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ರಾಯರ ಕೆರೆಯ ಕ್ರಮದಲ್ಲಿ ಹೇಳುವುದಾದರೆ, ನಗರಸಭೆಯೇ ಮೊದಲ ಹೆಜ್ಜೆ ಇಡಬೇಕು: ಒಂದು ವಾರ್ಡಿಗೆ ನಂಬುವಂಥ ನೀರು ಕೊಟ್ಟು, ಆಮೇಲೆ ಅಲ್ಲಿ ದರದ ಮಾತೆತ್ತಬೇಕು.

ಖರ್ಚಿನ ಕಡೆ ಕೂಡ ಒಂದು ಲೆಕ್ಕ ನೋಡಿ. ಕರ್ನಾಟಕದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡವಿದೆ. 2011ರ ಜನಸಂಖ್ಯೆಯನ್ನೇ ಹಿಡಿದರೂ ಹೊಸಪೇಟೆಗೆ ಸುಮಾರು 295 ಜನ ಬೇಕು. ಬೆಳಗಿನ ಜಾವ ಪೊರಕೆ ಹಿಡಿದು ಬೀದಿಗಿಳಿಯುವ ಆ ತಾಯಂದಿರ ವೇತನ, ಕೈಗವಸು, ವಿಮೆ, ನಿವೃತ್ತಿಯ ಹಣ ಇವೆಲ್ಲ ಊರಿನ ಮೇಲಿನ ಮೊದಲ ಋಣ. ನಾವು ಎಳೆದಾಡುವ ತೆರಿಗೆಯ ಬಿಸಿ ಕೊನೆಗೆ ತಗಲುವುದು ಅವರಿಗೆ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ.

ಕೈತಪ್ಪಿದ ತೆರಿಗೆಗಳು

ಊರಿನ ಕೈಯಲ್ಲಿದ್ದ ತೆರಿಗೆಗಳು ಒಂದೊಂದಾಗಿ ಮೇಲಕ್ಕೆ ಹೋದವು. ಊರೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಹಾಕಲು 1964ರ ಕಾಯ್ದೆ ಅವಕಾಶ ಕೊಟ್ಟಿತ್ತು. ನಾಕಾದಲ್ಲಿ ಗಾಡಿಗಳನ್ನು ತಡೆದು ನಿಲ್ಲಿಸುವ ಆ ಪದ್ಧತಿ ಒಳ್ಳೆಯದಾಗಿರಲಿಲ್ಲ. 1979ರಲ್ಲಿ ಅದು ರದ್ದಾದದ್ದು ಸರಿಯೇ. ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆ ರಾಜ್ಯದ ಕೈಗೆ ಹೋಯಿತು, ಊರಿಗೆ ಪರಿಹಾರದ ಅನುದಾನ ಬಂತು. 2017ರ ಜುಲೈ 1ರಂದು ಪ್ರವೇಶ ತೆರಿಗೆಯೂ ಜಿಎಸ್‌ಟಿಯಲ್ಲಿ ಕರಗಿತು, ಜಾಹೀರಾತು ತೆರಿಗೆಯೂ ಕರಗಿತು. ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯಗಳ ನಡುವೆ ಹಂಚಿಕೆಯಾಗುತ್ತದೆ. ಮೂರನೆಯ ಸರ್ಕಾರವಾದ ಊರಿಗೆ ಅದರಲ್ಲಿ ಹಕ್ಕಿನ ಪಾಲಿಲ್ಲ.

ವೃತ್ತಿ ತೆರಿಗೆಯ ಕಥೆ ಇನ್ನೂ ಯೋಚನೆಗೆ ಹಚ್ಚುವಂಥದು. ಮದರಾಸಿನ ಕಾಯ್ದೆಯಡಿ ಅದನ್ನು ವಸೂಲು ಮಾಡುತ್ತಿದ್ದದ್ದು ಮುನಿಸಿಪಾಲಿಟಿ. 1976ರಲ್ಲಿ ಕರ್ನಾಟಕ ಬೇರೆ ಕಾಯ್ದೆ ಮಾಡಿ ಅದನ್ನು ರಾಜ್ಯದ ತೆರಿಗೆ ಮಾಡಿತು. ತಮಿಳುನಾಡಿನಲ್ಲಿ, ಕೇರಳದಲ್ಲಿ ಇಂದಿಗೂ ಅದು ಸ್ಥಳೀಯ ಸಂಸ್ಥೆಗಳದೇ. ಹೊಸಪೇಟೆಯ ಬ್ಯಾಂಕು, ಆಸ್ಪತ್ರೆ, ಕಾಲೇಜು, ಕಚೇರಿಗಳಲ್ಲಿ ದುಡಿಯುವವರು ಇಲ್ಲಿನ ರಸ್ತೆಯಲ್ಲಿ ಓಡಾಡುತ್ತಾರೆ, ಇಲ್ಲಿನ ನೀರು ಕುಡಿಯುತ್ತಾರೆ. ಅವರ ವೃತ್ತಿ ತೆರಿಗೆ ಮಾತ್ರ ಬೆಂಗಳೂರಿನ ಖಜಾನೆಗೆ ಜಮೆಯಾಗುತ್ತದೆ.

ಇದು ನಮ್ಮ ಒಂದು ಊರಿನ ಸಂಕಟವಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರತಂದ ಪುರಾಡಳಿತ ಹಣಕಾಸಿನ ವರದಿಯ ಪ್ರಕಾರ, ದೇಶದ ನಗರಾಡಳಿತಗಳ ಒಟ್ಟು ಆದಾಯ ದೇಶದ ಒಟ್ಟು ಉತ್ಪನ್ನದ ಶೇ. 1ರ ಆಸುಪಾಸಿನಲ್ಲೇ ದಶಕದಿಂದ ನಿಂತಿದೆ. ಬ್ರೆಜಿಲ್‌ನಲ್ಲಿ ಅದು ಶೇ. 7ಕ್ಕೂ ಹೆಚ್ಚು, ದಕ್ಷಿಣ ಆಫ್ರಿಕಾದಲ್ಲಿ ಶೇ. 6.

ಅನುದಾನದ ಹಾದಿ

ಸ್ವಂತ ಆದಾಯ ಸಾಲದಾಗ ಊರು ಮೇಲೆ ನೋಡುತ್ತದೆ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನ ಮೇಲೆ ಬರುವ ಎಸ್‌ಎಫ್‌ಸಿ ಅನುದಾನದಲ್ಲಿ ವೇತನಕ್ಕೆ ಒಂದು ಭಾಗ, ವಿದ್ಯುತ್ತಿಗೆ ಒಂದು ಭಾಗ ಮೊದಲೇ ಗೊತ್ತಾಗಿರುತ್ತದೆ. ಉಳಿದ ಮುಕ್ತನಿಧಿಯ ಮೇಲೆ ಮಾತ್ರ ನಗರಸಭೆಯ ಮಂಡಳಿಗೆ ಮಾತು. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ದೇಶದ ನಗರಾಡಳಿತಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಆ ಅವಧಿಯಲ್ಲಿ ನಮ್ಮಂಥ ಊರುಗಳಿಗೆ ಬಂದ ಪ್ರತಿ 100 ರೂಪಾಯಿಯಲ್ಲಿ 30 ನೈರ್ಮಲ್ಯಕ್ಕೆ, 30 ಕುಡಿಯುವ ನೀರಿಗೆ ಕಟ್ಟಿಹಾಕಿದ್ದು. 40 ಮಾತ್ರ ಊರಿನ ಆಯ್ಕೆಗೆ. ಲೆಕ್ಕಪತ್ರಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು, ಆಸ್ತಿ ತೆರಿಗೆಯ ಕನಿಷ್ಠ ದರ ಗೊತ್ತುಮಾಡಬೇಕು ಎಂಬ ಷರತ್ತುಗಳೂ ಇದ್ದವು. ಈ ಷರತ್ತುಗಳನ್ನು ನಾನು ಸ್ವಾಗತಿಸುತ್ತೇನೆ.

ಒಂದು ಕಟ್ಟುಪಾಡನ್ನಂತೂ ತುಂಬು ಮನಸ್ಸಿನಿಂದ ಎತ್ತಿಹಿಡಿಯಬೇಕು. ನಗರಸಭೆಯ ನಿಧಿಯ ಶೇ. 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಏಳಿಗೆಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಹೊಸಪೇಟೆಯ ಏಳುಕೇರಿಯ ಮನೆಗಳಲ್ಲಿ, ನಮ್ಮ ಓಣಿಗಳ ಕೊನೆಯ ಸಾಲಿನಲ್ಲಿ ಎಷ್ಟೋ ಮಕ್ಕಳ ಓದಿಗೆ, ಶೌಚಾಲಯಕ್ಕೆ, ಮೂರು ಗಾಲಿಯ ವಾಹನಕ್ಕೆ ಆಸರೆಯಾಗಬೇಕಾದ ಹಣ ಅದು. ಅದು ಖರ್ಚಾಗದೆ ಉಳಿದರೆ ಯಾಕೆ ಉಳಿಯಿತೆಂದು ಕೇಳಬೇಕಾದ್ದು ಊರಿನ ಎಲ್ಲರ ಕರ್ತವ್ಯ.

ಅನುದಾನ ಬೇಡವೆಂದು ನಾನು ಹೇಳುತ್ತಿಲ್ಲ. ಬಡ ಊರಿಗೂ ಸಿರಿವಂತ ಊರಿಗೂ ಇರುವ ಅಂತರ ತುಂಬಲು ಅದು ಬೇಕೇ ಬೇಕು. ಆದರೆ ಅನುದಾನದ ಕಾಮಗಾರಿ ಕೆಟ್ಟರೆ ಜನ ಕೇಳುವುದಿಲ್ಲ. ‘ಸರ್ಕಾರದ ದುಡ್ಡು’ ಎಂದು ಸುಮ್ಮನಾಗುತ್ತಾರೆ. ತಮ್ಮ ಚಲನಿನ ದುಡ್ಡಿನಿಂದ ಹಾಕಿದ ಸಿಮೆಂಟು ಒಂದು ಮಳೆಗೆ ಎದ್ದುಹೋದರೆ ಬೀದಿಯೇ ಎದ್ದು ಕೇಳುತ್ತದೆ.

ಅದಿರು, ಹಂಪಿ, ರೈಲು

ನಮ್ಮ ಸೀಮೆಯಲ್ಲಿ ಸಂಪತ್ತಿಗೆ ಕೊರತೆಯಿಲ್ಲ. ಅದು ಊರಿನ ಬೊಕ್ಕಸವನ್ನು ಹಾಯ್ದು ಹೋಗುವುದಿಲ್ಲ. ಸಂಡೂರಿನ ಗುಡ್ಡಗಳ ಅದಿರಿಗೆ ರಾಯಧನ ರಾಜ್ಯಕ್ಕೆ ಸಲ್ಲುತ್ತದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವಷ್ಟು ಅನಾಹುತ ಇಲ್ಲಿ ನಡೆದುಹೋಯಿತು. ಆಗ ಅದಿರಿನ ಲಾರಿಗಳು ಓಡಾಡಿದ್ದು ಈ ಊರುಗಳ ಮೇಲೆಯೇ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು: ಹಳೆ ಗುತ್ತಿಗೆಗಳಿಂದ ರಾಯಧನದ ಶೇ. 30, ಹರಾಜಿನ ಗುತ್ತಿಗೆಗಳಿಂದ ಶೇ. 10. ಗಣಿಬಾಧಿತರಿಗೆಂದೇ ಇರುವ ಈ ಹಣ ದೊಡ್ಡ ವರವೇ ಸರಿ. ಆದರೆ ತೀರ್ಮಾನವಾಗುವುದು ಜಿಲ್ಲಾ ಮಟ್ಟದಲ್ಲಿ. ದೂಳು ಕುಡಿಯುವ ಊರಿನ ಪುರಸಭೆ ಅಲ್ಲಿ ಅರ್ಜಿದಾರ ಮಾತ್ರ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ತೀರ್ಪಿತ್ತಿತು. ದಿಲ್ಲಿಯಿಂದ ಬೆಂಗಳೂರಿಗೆ ಇಳಿದ ಈ ಹಕ್ಕು ಇನ್ನೊಂದು ಮೆಟ್ಟಿಲು ಇಳಿದು ಸಂಡೂರಿಗೂ ಬರಬೇಕು. ರಾಜ್ಯದ ಹಣಕಾಸು ಖಾತೆಯನ್ನೂ ಮುಂದೆ ಪಂಚಾಯತ್ ರಾಜ್ ಖಾತೆಯನ್ನೂ ನಿರ್ವಹಿಸಿದ ಎಂ.ವೈ. ಘೋರ್ಪಡೆಯವರ ಊರು ಅದು. ಈ ಬೇಡಿಕೆ ಅಲ್ಲಿಂದ ಏಳುವುದು ಸಹಜ.

ಹಂಪಿಯದು ಇನ್ನೊಂದು ಬಗೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸ್ಥಳ ಅದು. ಸ್ಮಾರಕಗಳ ಪ್ರವೇಶ ಶುಲ್ಕ ಕೇಂದ್ರದ ಪುರಾತತ್ವ ಇಲಾಖೆಗೆ, ಹೋಟೆಲಿನ ಜಿಎಸ್‌ಟಿ ಕೇಂದ್ರ-ರಾಜ್ಯಗಳಿಗೆ. ಪ್ರವಾಸಿ ಬಿಟ್ಟುಹೋದ ಬಾಟಲಿ, ಎಲೆ, ಪ್ಲಾಸ್ಟಿಕ್ಕು ಸ್ಥಳೀಯ ಆಡಳಿತಕ್ಕೆ. ಪಕ್ಕದ ಕಮಲಾಪುರದ ಪೌರಕಾರ್ಮಿಕರು ಜಗತ್ತಿನ ಅತಿಥಿಗಳಿಗಾಗಿ ದುಡಿಯುತ್ತಾರೆ. ವೇತನ ಸಿಗುವುದು ಚಿಕ್ಕ ಊರಿನ ಜೇಬಿನಿಂದ.

ರೈಲ್ವೆಯಂಥ ಕೇಂದ್ರದ ಆಸ್ತಿಗಳಿಗೆ ಸಂವಿಧಾನದ 285ನೇ ವಿಧಿ ತೆರಿಗೆ ವಿನಾಯಿತಿ ಕೊಟ್ಟಿದೆ. ತೆರಿಗೆ ಇಲ್ಲದಿದ್ದರೂ ಸೇವಾ ಶುಲ್ಕ ಕೊಡಬೇಕೆಂಬುದು 2009ರಲ್ಲಿ ರಾಜ್‌ಕೋಟ್ ಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿರ್ಣಯವಾಗಿದೆ. ಅದನ್ನು ಬಿಡದೆ ಕೇಳಿ ಪಡೆಯುವುದು ನಗರಸಭೆಯ ಕೆಲಸ.

ಲೆಕ್ಕ ಕೇಳುವ ಜಾಗ

ಹಣದಷ್ಟೇ ಮುಖ್ಯವಾದ ಇನ್ನೊಂದು ಕೊರತೆಯಿದೆ. ಪಕ್ಕದ ಹಳ್ಳಿಯಲ್ಲಿ ಕಾನೂನಿನ ಪ್ರಕಾರ ವಾರ್ಡು ಸಭೆ, ಗ್ರಾಮಸಭೆ ಇವೆ. ಅಲ್ಲಿನ ರೈತ ಎದ್ದು ನಿಂತು ಲೆಕ್ಕ ಕೇಳಬಹುದು. ನಗರಸಭೆಯ ಮತದಾರನಾದ ಚಿತ್ತವಾಡ್ಗಿಯ ರೈತನಿಗೆ ಅಂಥ ಸಭೆಯಿಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡು ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಜನಸಂಖ್ಯೆ ಮುಟ್ಟಿದ ನಗರಗಳಿಗೆ ಮಾತ್ರ. ಹಳ್ಳಿಯೂ ಅಲ್ಲದ, ಮಹಾನಗರವೂ ಅಲ್ಲದ ಊರುಗಳ ಜನರಿಗೆ ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯೇ ಎಲ್ಲವೂ ಆಗಿದೆ. ಅದರ ಮೇಲೆ, 2018ರ ಚುನಾವಣೆಯ ನಂತರ ರಾಜ್ಯದ ಎಷ್ಟೋ ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿ, ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಕೂತರು, ಆಡಳಿತಾಧಿಕಾರಿಗಳು ಊರು ನಡೆಸಿದರು. ಅಧಿಕಾರಿಗಳು ಎಷ್ಟೇ ದಕ್ಷರಿದ್ದರೂ ಅವರನ್ನು ನಾವು ಮತ ಹಾಕಿ ಬದಲಿಸಲಾರೆವು.

ಏನು ಮಾಡಬೇಕು

ಸರ್ಕಾರದಿಂದ ನಾವು ಮೂರು ವಿಷಯ ಕೇಳೋಣ. ವೃತ್ತಿ ತೆರಿಗೆ ಹುಟ್ಟಿದ ಊರಿಗೇ ಹಿಂತಿರುಗಲಿ. ಖನಿಜ ಪ್ರತಿಷ್ಠಾನದ ಹಣದಲ್ಲಿ ಗಣಿ ಸೀಮೆಯ ಪುರಸಭೆಗಳಿಗೆ ನಿಯಮದಲ್ಲೇ ಬರೆದ ಪಾಲು ಸಿಗಲಿ. ವರ್ಷಕ್ಕೆ ಎರಡು ಸಲ ವಾರ್ಡು ಸಭೆ ಪ್ರತಿ ಪುರಸಭೆಗೂ ನಗರಸಭೆಗೂ ಕಡ್ಡಾಯವಾಗಲಿ.

ನಗರಸಭೆಯಿಂದ ಕೇಳಬೇಕಾದ್ದು ಒಂದೇ. ಕಂದಾಯ ಶಾಖೆಯಲ್ಲಿ ಡಿಸಿಬಿ ಎಂಬ ತಖ್ತೆಯಿರುತ್ತದೆ: ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ಅದನ್ನು ವಾರ್ಡುವಾರು ಬರೆದು, ಎದುರಿಗೆ ಅದೇ ವಾರ್ಡಿನಲ್ಲಿ ಆದ ಖರ್ಚನ್ನೂ ಬರೆದು, ಪ್ರತಿ ಮೂರು ತಿಂಗಳಿಗೊಮ್ಮೆ ವಾರ್ಡಿನ ಗೋಡೆಯ ಮೇಲೆ ಹಾಕಲಿ. ಇದಕ್ಕೆ ಹೊಸ ಕಾನೂನು ಬೇಡ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಆಶಯವೇ ಇದು. ಬಡ ವಾರ್ಡಿನಲ್ಲಿ ವಸೂಲಿಗಿಂತ ಖರ್ಚು ಹೆಚ್ಚಿರಬಹುದು, ಹೆಚ್ಚಿರಲೇಬೇಕು. ಊರು ಒಂದು ಎಂದರೆ ಅದೇ ಅರ್ಥ. ಆದರೆ ಅದು ಎಲ್ಲರಿಗೂ ಗೊತ್ತಿದ್ದು ನಡೆಯಲಿ.

ಇನ್ನು ನಮ್ಮ ಪಾಲಿನ ಕೆಲಸ. ನಗರಸಭೆಯ ಬಜೆಟ್ ಮಾರ್ಚ್ ಮುಗಿಯುವುದರೊಳಗೆ ಮಂಡನೆಯಾಗುತ್ತದೆ. ಅದಕ್ಕೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಇರುತ್ತದೆ. ಅಂಥ ಸಭೆಯ ಖಾಲಿ ಕುರ್ಚಿಗಳೇ ನಮ್ಮ ಅನಾಸಕ್ತಿಗೆ ಸಾಕ್ಷಿಯಾಗುತ್ತವೆ. ಮುಂದಿನ ಸಲ ಚಿತ್ತವಾಡ್ಗಿಯಿಂದ ಹತ್ತು ಜನ ಹೋಗೋಣ: ಇಬ್ಬರು ರೈತರು, ಇಬ್ಬರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಇಬ್ಬರು ಅಂಗಡಿಯವರು, ಇಬ್ಬರು ಕಾಲೇಜಿನ ಹುಡುಗರು, ಒಬ್ಬರು ಶಿಕ್ಷಕರು, ಒಬ್ಬರು ಪೌರಕಾರ್ಮಿಕರು. ಹಿಂದಿನ ವರ್ಷದ ಬಜೆಟ್ ಪ್ರತಿಯನ್ನು ಮೊದಲೇ ಪಡೆದು ಓದಿಕೊಂಡು ಹೋಗೋಣ. ಏಪ್ರಿಲ್ ಬಂದೊಡನೆ ತೆರಿಗೆ ಕಟ್ಟಿ, ರಸೀದಿ ಹಿಡಿದು ಕೇಳೋಣ. ಬಾಕಿ ಇಟ್ಟುಕೊಂಡವರ ಪ್ರಶ್ನೆಗೆ ಬಲವಿರುವುದಿಲ್ಲ. ಕಟ್ಟಿಯೂ ಕೇಳದವರ ದುಡ್ಡಿಗೆ ದಿಕ್ಕಿರುವುದಿಲ್ಲ. ಕಟ್ಟಿ ಕೇಳುವ ಹತ್ತು ಜನ ಒಂದು ವಾರ್ಡಿನಲ್ಲಿದ್ದರೆ ಸದಸ್ಯರೂ ಅಧಿಕಾರಿಗಳೂ ಉತ್ತರ ಕೊಡುತ್ತಾರೆ, ಕೊಡಲೇಬೇಕಾಗುತ್ತದೆ. ಆ ಹತ್ತು ಜನರ ಪಟ್ಟಿಯನ್ನು ಈ ಸಭೆ ಮುಗಿಯುವ ಮುನ್ನವೇ ಬರೆಯಬೇಕೆಂದು ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.